ಸಿಗ್ನಲ್ಸ್ ದಳಕ್ಕೆ ಸೇರಬಯಸುವ ಪಿಯುಸಿ ಮಕ್ಕಳಿಗೆ ಈಗಲೇ ಏನು ಕಲಿಸಬೇಕು?

ಪ್ರಶ್ನೆ: ಭೌತಶಾಸ್ತ್ರ ಉಪನ್ಯಾಸಕ, ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಭಾಗದಿಂದ ಸೈನ್ಯಕ್ಕೆ ಹೋಗುವ ಹುಡುಗರು ಹಿಂದಿನಿಂದಲೂ ಇದ್ದಾರೆ. ಬೆಳಿಗ್ಗೆ ಎದ್ದು ಓಡುವುದು, ಎದೆಯಳತೆ, ಎತ್ತರ ಇವುಗಳ ಬಗ್ಗೆ ಅವರಿಗೆ ಹೇಳಿಕೊಡುವವರು ಊರೂರಿನಲ್ಲಿ ಸಿಗುತ್ತಾರೆ. ಆದರೆ ಈ ವರ್ಷ ವಿಜ್ಞಾನ ವಿಭಾಗದ ಕೆಲವರು, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಸೇರಿ, ಸೈನ್ಯದ ರೇಡಿಯೊ, ಸಂಪರ್ಕ ಮತ್ತು ಸೈಬರ್ ಕೆಲಸ ನೋಡಿಕೊಳ್ಳುವ ಸಿಗ್ನಲ್ಸ್ ದಳಕ್ಕೆ ಹೋಗಬೇಕೆಂದು ನನ್ನ ಬಳಿ ಬಂದಿದ್ದಾರೆ. ಇನ್ನು ರೇಡಿಯೊ ಯಾರಿಗೆ ಬೇಕು, ಸೈಬರ್ ಒಂದನ್ನೇ ಕಲಿತರೆ ಸಾಕಲ್ಲವೇ ಎಂಬುದು ಅವರಲ್ಲಿ ಹಲವರ ಅಭಿಪ್ರಾಯ. ಆ ತರಬೇತಿಯಲ್ಲಿ ನಿಜವಾಗಿ ಏನನ್ನು ಕಲಿಸುತ್ತಾರೆ, ಅದಕ್ಕೆ ಈಗಿನಿಂದಲೇ ನಾನು ತರಗತಿಯಲ್ಲಿ ಯಾವ ತಳಹದಿ ಹಾಕಬೇಕು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಸಿಗ್ನಲ್ಸ್ ಸುಬೇದಾರ್, ಧಾರವಾಡ

ಸರ್, ನಿಮ್ಮ ವಿದ್ಯಾರ್ಥಿಗಳ ಅಭಿಪ್ರಾಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ತಿಳಿವಳಿಕೆ ಸರಿಯಾಗದಿದ್ದರೆ ಉಳಿದದ್ದೂ ಸರಿಯಾಗುವುದಿಲ್ಲ. ಸೈನ್ಯದಲ್ಲಿ ರೇಡಿಯೊ ಮತ್ತು ಸೈಬರ್ ಬೇರೆ ಬೇರೆ ಮನೆಗಳಲ್ಲ. ಗಡಿಯ ಠಾಣೆಯಿಂದ ಹೊರಟ ಒಂದು ಮಾಹಿತಿ ರೇಡಿಯೊ ಅಲೆಯಾಗಿ ಒಂದಷ್ಟು ದೂರ, ಕೇಬಲ್ಲಿನಲ್ಲಿ ಒಂದಷ್ಟು ದೂರ, ಉಪಗ್ರಹದ ಮೂಲಕ ಮತ್ತಷ್ಟು ದೂರ ಸಾಗಿ ಕೊನೆಗೆ ಕಂಪ್ಯೂಟರ್ ಜಾಲವನ್ನು ಸೇರುತ್ತದೆ. ಶತ್ರು ಆ ದಾರಿಯ ಯಾವ ತುಂಡಿನಲ್ಲಿ ಬೇಕಾದರೂ ಕಿವಿಯಿಡಬಹುದು ಅಥವಾ ಕೈ ಹಾಕಬಹುದು. ಆದ್ದರಿಂದ ಇಡೀ ದಾರಿ ತಿಳಿದವನೇ ಅದನ್ನು ಕಾಯಬಲ್ಲ.

ಸಿಗ್ನಲ್ಸ್ ದಳ ಆರಂಭವಾದದ್ದು 1911ರ ಫೆಬ್ರವರಿ 15ರಂದು. ದಳದ ಧ್ಯೇಯವಾಕ್ಯ 'ತೀವ್ರ ಚೌಕಸ್'. ವೇಗವೂ ಇರಬೇಕು, ಎಚ್ಚರವೂ ಇರಬೇಕು. ಜವಾನರಾಗಿ ಸೇರುವವರ ತರಬೇತಿ ಕೇಂದ್ರಗಳು ಜಬಲ್ಪುರ ಮತ್ತು ಗೋವಾದಲ್ಲಿವೆ. ಇಂದೋರಿನ ಹತ್ತಿರದ ಮಹೂನಲ್ಲಿರುವ ಮಿಲಿಟರಿ ಕಾಲೇಜ್ ಆಫ್ ಟೆಲಿಕಮ್ಯುನಿಕೇಶನ್ ಎಂಜಿನಿಯರಿಂಗ್‌ನಲ್ಲಿ ಅಧಿಕಾರಿಗಳಿಗೂ ಆಯ್ದ ಜವಾನರಿಗೂ ಮೇಲ್ಮಟ್ಟದ ಕೋರ್ಸುಗಳು ನಡೆಯುತ್ತವೆ. ಕೇಂದ್ರಕ್ಕೆ ಹೋದವನು ಮೊದಲು ಎಲ್ಲ ಸೈನಿಕರಂತೆಯೇ ಕವಾಯತು, ರೈಫಲ್, ಓಟ ಮುಗಿಸಬೇಕು. ಟ್ರೇಡ್ ತರಬೇತಿ, ಅಂದರೆ ಅವನ ತಾಂತ್ರಿಕ ಕೆಲಸದ ಕಲಿಕೆ, ಬರುವುದು ಆ ಮೇಲೆ. ಹೊಸಬನಿಗೆ ಅಲ್ಲಿ ಅತ್ಯಂತ ಕಷ್ಟವೆನಿಸುವುದು ಯಂತ್ರವಲ್ಲ, ಮಾತಿನ ಶಿಸ್ತು. ರೇಡಿಯೊ ಸೆಟ್ಟಿನ ಗುಂಡಿಗಳನ್ನು ಯಾರಾದರೂ ಬೇಗ ಕಲಿಯುತ್ತಾರೆ. ಮಾತನಾಡುವ ಮೊದಲು ಕೇಳಿಸಿಕೊಳ್ಳುವುದು, ಸಂದೇಶವನ್ನು ಬರೆದುಕೊಂಡು ನಂತರ ಓದುವುದು, ಬೇಕಾದಷ್ಟೇ ಹೇಳಿ ಇತರರ ಮಾತಿಗೆ ಜಾಗ ಬಿಟ್ಟುಕೊಡುವುದು, ಹೆಸರು ಮತ್ತು ಊರುಗಳನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಅಕ್ಷರ ಬಿಡಿಸಿ ಹೇಳುವುದು, ಪ್ರತಿಯೊಂದನ್ನೂ ಹೊತ್ತು ಹಾಕಿ ಲಾಗ್ ಪುಸ್ತಕದಲ್ಲಿ ದಾಖಲಿಸುವುದು ಇವೆಲ್ಲ ಮೈಗೂಡಲು ತಿಂಗಳುಗಳೇ ಬೇಕಾಗುತ್ತವೆ. ಇದರ ಜೊತೆಗೆ ಬ್ಯಾಟರಿ ಚಾರ್ಜ್ ಮಾಡುವ, ತಂತಿ ಎಳೆಯುವ, ಆಂಟೆನಾ ಕಟ್ಟುವ ಬೆವರಿನ ಕೆಲಸವೂ ಇದೆ, ಅದನ್ನು ಮಕ್ಕಳಿಗೆ ಮುಚ್ಚಿಡಬೇಡಿ.

ಈ ಶಿಸ್ತು ಏಕೆ ಬೇಕೆಂದು ಕೇಳುವವರಿಗೆ ಎರಡು ಘಟನೆಗಳನ್ನು ಹೇಳಿ. 1914ರ ಆಗಸ್ಟಿನಲ್ಲಿ ಟ್ಯಾನನ್‌ಬರ್ಗ್ ಕಾಳಗದ ವೇಳೆ ರಷ್ಯನ್ ಸೇನೆಗಳು ತಮ್ಮ ಆದೇಶಗಳನ್ನು ಗೂಢಲಿಪಿಯಿಲ್ಲದೆ ನಿಸ್ತಂತುವಿನಲ್ಲಿ ಕಳಿಸಿದವು. ಜರ್ಮನ್ನರು ಅವನ್ನು ಕೇಳಿಸಿಕೊಂಡು ಯಾವ ಸೇನೆ ಎತ್ತ ಹೊರಟಿದೆ ಎಂಬುದನ್ನು ಅರಿತರು. ಅದು ರಷ್ಯನ್ನರ ಭಾರಿ ಸೋಲಿಗೆ ಒಂದು ಮುಖ್ಯ ಕಾರಣವಾಯಿತು. ಎರಡನೆಯ ಮಹಾಯುದ್ಧದಲ್ಲಿ ಇದೇ ಜರ್ಮನ್ನರ ಎನಿಗ್ಮಾ ಎಂಬ ಗೂಢಲಿಪಿ ಯಂತ್ರ ಗಣಿತದ ದೃಷ್ಟಿಯಿಂದ ಬಹಳ ಗಟ್ಟಿಯಾಗಿತ್ತು. ಆದರೂ ಊಹಿಸಬಹುದಾದ ಅಕ್ಷರಗಳನ್ನೇ ಕೀಲಿಯಾಗಿ ಆರಿಸಿಕೊಂಡ ಮತ್ತು ಹವಾಮಾನ ವರದಿಯನ್ನು ದಿನವೂ ಒಂದೇ ಮಾದರಿಯಲ್ಲಿ ಕಳಿಸಿದ ಆಪರೇಟರ್‌ಗಳಿಂದಾಗಿ ಬ್ರಿಟನ್ನಿನ ಗೂಢಲಿಪಿ ಭೇದಿಸುವ ಕೇಂದ್ರವಾದ ಬ್ಲೆಚ್ಲಿ ಪಾರ್ಕಿನವರಿಗೆ ಒಳನುಗ್ಗುವ ದಾರಿ ಸಿಕ್ಕಿತು. ಇಂದು ಸುಲಭದ ಪಾಸ್‌ವರ್ಡ್ ಇಟ್ಟುಕೊಳ್ಳುವವನು ಮಾಡುತ್ತಿರುವುದೂ ಅದನ್ನೇ.

ಉತ್ತರ: ಹ್ಯಾಮ್ ರೇಡಿಯೊ ಆಸಕ್ತ, ಹಾವೇರಿ

ಸುಬೇದಾರ್ ಸಾಹೇಬರ ಮಾತಿಗೆ ಭೌತಶಾಸ್ತ್ರದ ಭಾಗವನ್ನು ಸೇರಿಸುತ್ತೇನೆ. ಇದನ್ನು ನೀವು ಖರ್ಚಿಲ್ಲದೆ ಕಲಿಸಬಹುದು. ನಮ್ಮ ಆಕಾಶವಾಣಿ ಧಾರವಾಡದ ಮೀಡಿಯಂ ವೇವ್ 765 ಕಿಲೋಹರ್ಟ್ಸ್. ಅದರ ತರಂಗಾಂತರ ಲೆಕ್ಕ ಹಾಕಿಸಿದರೆ ಸುಮಾರು 392 ಮೀಟರ್ ಬರುತ್ತದೆ. ಕಾಲು ತರಂಗಾಂತರದ ಆಂಟೆನಾ ಕಟ್ಟಬೇಕಾದರೆ ಸುಮಾರು 98 ಮೀಟರ್ ಎತ್ತರದ ಕಂಬ ಬೇಕು. ಅದೇ 50 ಮೆಗಾಹರ್ಟ್ಸ್‌ಗೆ ಒಂದೂವರೆ ಮೀಟರಿನ ಕಡ್ಡಿ ಸಾಕು. ಸೈನಿಕನ ಬೆನ್ನ ಮೇಲಿನ ಸೆಟ್ಟಿಗೆ ಅಷ್ಟುದ್ದದ ಆಂಟೆನಾ ಏಕೆ ಇರುತ್ತದೆ ಎಂಬುದು ಅಲ್ಲಿಗೆ ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. ರಾತ್ರಿ ಅದೇ ಮೀಡಿಯಂ ವೇವ್ ಪಟ್ಟಿಯಲ್ಲಿ ದೂರದೂರದ ಕೇಂದ್ರಗಳನ್ನು ಹುಡುಕಲು ಹೇಳಿ. ಹಗಲು ಆ ಅಲೆಗಳನ್ನು ಹೀರಿಕೊಳ್ಳುವ ಅಯನೋಸ್ಫಿಯರಿನ (ವಾತಾವರಣದ ಮೇಲ್ಭಾಗದ ವಿದ್ಯುತ್ಕಣಗಳ ವಲಯದ) ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗಿಹೋಗುವುದರಿಂದ ಅವು ಮೇಲಿನ ಪದರದಿಂದ ಪುಟಿದು ಬರುತ್ತವೆ. ಸೈನ್ಯದ ಎಚ್‌ಎಫ್ (ಶಾರ್ಟ್ ವೇವ್) ಆಪರೇಟರ್ ಹಗಲಿಗೊಂದು, ರಾತ್ರಿಗೊಂದು ಫ್ರೀಕ್ವೆನ್ಸಿ ಇಟ್ಟುಕೊಳ್ಳುವುದಕ್ಕೂ ಇದೇ ಪದರಗಳ ಏರುಪೇರು ಕಾರಣ.

ವಿಎಚ್‌ಎಫ್ (30ರಿಂದ 300 ಮೆಗಾಹರ್ಟ್ಸ್) ಅಲೆಗಳು ಬಹುತೇಕ ನೇರವಾಗಿ ಸಾಗುತ್ತವೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಸಿಗುತ್ತದೆ. ಬಯಲಿನಲ್ಲಿ ಎರಡು ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ ಹೆಚ್ಚೆಂದರೆ 12 ಕಿ.ಮೀ. ಒಬ್ಬನು ಕಪ್ಪತಗುಡ್ಡದಂಥ ಜಾಗ ಹತ್ತಿ ಸುತ್ತಲಿನ ಬಯಲಿಗಿಂತ 200 ಮೀಟರ್ ಮೇಲೆ ನಿಂತರೆ ಅದು 60 ಕಿ.ಮೀ. ದಾಟುತ್ತದೆ. ಯುದ್ಧದಲ್ಲಿ ಎತ್ತರದ ಜಾಗಕ್ಕೆ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ.

ಮಕ್ಕಳಿಗೆ ಮಾತನಾಡುವ ಅಭ್ಯಾಸವೂ ಆಗಬೇಕೆಂದರೆ ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಅತ್ಯುತ್ತಮ ದಾರಿ. ದೂರಸಂಪರ್ಕ ಇಲಾಖೆ ನಡೆಸುವ ಆ ಪರೀಕ್ಷೆಯನ್ನು 12 ವರ್ಷ ತುಂಬಿದವರು ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ, ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗ ಬೇಕು. ಪರವಾನಗಿ ಇಲ್ಲದೆ ಹ್ಯಾಮ್ ಪಟ್ಟಿಯಲ್ಲಿ ಕೇಳಬಹುದೇ ಹೊರತು ಗುಂಡಿ ಒತ್ತಿ ಮಾತನಾಡುವಂತಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿ. 2004ರ ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಪೋರ್ಟ್ ಬ್ಲೇರಿನಲ್ಲಿದ್ದ ಹ್ಯಾಮ್ ತಂಡವೊಂದು ಸಂಪರ್ಕ ಕಡಿದುಹೋದ ದ್ವೀಪಗಳ ಸುದ್ದಿಯನ್ನು ಹೊರಜಗತ್ತಿಗೆ ತಲುಪಿಸಿತು. ಶಾಂತಿಕಾಲದಲ್ಲಿ ಈ ಕಲಿಕೆಗೆ ಎಷ್ಟು ಬೆಲೆಯಿದೆ ಎಂಬುದು ಅದರಿಂದ ಮಕ್ಕಳಿಗೆ ಮನವರಿಕೆಯಾಗುತ್ತದೆ.

ಪ್ರಶ್ನೆ ಕೇಳಿದವರು: ಭೌತಶಾಸ್ತ್ರ ಉಪನ್ಯಾಸಕ, ಗದಗ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 765ರ ಲೆಕ್ಕವನ್ನು ಈ ವಾರವೇ ಕರಿಹಲಗೆಯ ಮೇಲೆ ಬರೆಯುತ್ತೇನೆ. ಸೇರುವ ದಾರಿಗಳ ಬಗ್ಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ಇರುವ ಅವಕಾಶದ ಬಗ್ಗೆ, ಮತ್ತು ಸೈಬರ್ ತಯಾರಿಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದರ ಬಗ್ಗೆಯೂ ಯಾರಾದರೂ ಬರೆಯುವಿರಾ?

ಉತ್ತರ: ನಿವೃತ್ತ ಸಿಗ್ನಲ್ಸ್ ಸುಬೇದಾರ್, ಧಾರವಾಡ

ಪಿಯುಸಿ ವಿಜ್ಞಾನದವರು ಅಗ್ನಿವೀರ್ ಟೆಕ್ನಿಕಲ್‌ಗೆ ಅರ್ಜಿ ಹಾಕಬಹುದು. ಸೇವೆ ನಾಲ್ಕು ವರ್ಷ, ನಂತರ ಕಾಯಂ ಆಗುವವರು ಗರಿಷ್ಠ ನೂರಕ್ಕೆ 25. ಆದರೆ ಯಾವ ದಳ ಎಂಬುದನ್ನು ನಿರ್ಧರಿಸುವುದು ಸೈನ್ಯ, ಅಭ್ಯರ್ಥಿಯಲ್ಲ. ಸಿಗ್ನಲ್ಸ್ ಸಿಗದೆ ಬೇರೆ ದಳ ಬಂದರೂ ಹೋಗುವ ಮನಸ್ಸಿದ್ದವನೇ ಅರ್ಜಿ ಹಾಕಬೇಕು. ಭೂಸೇನೆಯ ಅಗ್ನಿವೀರ್ ಯೋಜನೆಯಲ್ಲಿ ಮಹಿಳೆಯರನ್ನು ಮಿಲಿಟರಿ ಪೊಲೀಸ್ ದಳಕ್ಕೆ ತೆಗೆದುಕೊಳ್ಳುತ್ತಾರೆ. ನೌಕಾಪಡೆ ಮತ್ತು ವಾಯುಪಡೆಯ ಅಗ್ನಿವೀರ್ ನೇಮಕಾತಿ ಹೆಣ್ಣುಮಕ್ಕಳಿಗೂ ತೆರೆದಿದೆ. ಅಧಿಕಾರಿಯಾಗಿ ಸಿಗ್ನಲ್ಸ್‌ಗೆ ಬರಬೇಕೆಂದರೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಈಗ ಹುಡುಗರು, ಹುಡುಗಿಯರು ಇಬ್ಬರಿಗೂ ಇದೆ. ಎಂಜಿನಿಯರಿಂಗ್ ಮುಗಿಸಿದ ಮೇಲೆ ಶಾರ್ಟ್ ಸರ್ವಿಸ್ (ಸೀಮಿತ ಅವಧಿಯ ಸೇವೆ) ತಾಂತ್ರಿಕ ಪ್ರವೇಶವೂ ಇದೆ. ನಿಮ್ಮ ಆ ಇಬ್ಬರು ಹೆಣ್ಣುಮಕ್ಕಳಿಗೆ ನಾನು ಹೇಳುವುದು ಈ ಅಧಿಕಾರಿ ದಾರಿಯನ್ನೇ. ವಯಸ್ಸು ಮತ್ತು ಅಂಕಗಳ ನಿಯಮ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಡಿ, ದಲ್ಲಾಳಿಗಳ ಮಾತಿಗೆ ಹಣ ಕೊಡಬೇಡಿ.

ಉತ್ತರ: ನೆಟ್‌ವರ್ಕ್ ಎಂಜಿನಿಯರ್, ಹುಬ್ಬಳ್ಳಿ

ಸೈಬರ್ ಬಗ್ಗೆ ನಾನು ಬರೆಯುತ್ತೇನೆ. ಹ್ಯಾಕಿಂಗ್ ಕಲಿಸುತ್ತೇವೆ ಎಂಬ ಜಾಹೀರಾತಿನ ತರಗತಿಗಳಿಗೆ ಸೇರುವ ಮೊದಲು ಮಕ್ಕಳು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡು, ಫೈಲಿಗೆ ಯಾರಿಗೆ ಯಾವ ಅನುಮತಿ ಇದೆ, ಐಪಿ ವಿಳಾಸ ಎಂದರೇನು, ಒಂದು ವೆಬ್ ಪುಟ ತೆರೆದಾಗ ಹಿಂದೆ ಏನೇನು ನಡೆಯುತ್ತದೆ ಎಂಬುದನ್ನು ತಾಳ್ಮೆಯಿಂದ ಅರಿಯಲಿ. ತಮ್ಮದೇ ಮನೆಯ ಜಾಲದಲ್ಲಿ ವೈರ್‌ಶಾರ್ಕ್ ಎಂಬ ತಂತ್ರಾಂಶ ತೆರೆದು ಪ್ಯಾಕೆಟ್‌ಗಳನ್ನು (ಜಾಲದಲ್ಲಿ ಸಾಗುವ ಮಾಹಿತಿಯ ತುಣುಕುಗಳನ್ನು) ಓದಲಿ. ಸುಬೇದಾರರು ಹೇಳಿದ ಲಾಗ್ ಪುಸ್ತಕದ ಅಭ್ಯಾಸ ಇಲ್ಲಿಯೂ ಬೇಕಾಗುತ್ತದೆ, ಏಕೆಂದರೆ ದಾಳಿಯ ಜಾಡು ಸಿಗುವುದು ಹೆಚ್ಚಾಗಿ ಸರ್ವರ್ ಲಾಗ್‌ಗಳಲ್ಲಿ, ಅದನ್ನು ಸಾಲು ಸಾಲಾಗಿ ಓದುವ ಸಹನೆ ಇದ್ದವರಿಗೆ. ಪೈಥಾನ್ ಭಾಷೆ ಮತ್ತು ಪಿಯುಸಿ ಗಣಿತ ಸದ್ಯಕ್ಕೆ ಸಾಕು. ಐಐಟಿಗಳ ಆನ್‌ಲೈನ್ ಪಾಠ ಯೋಜನೆಯಾದ ಎನ್‌ಪಿಟಿಇಎಲ್‌ನ ಕಂಪ್ಯೂಟರ್ ನೆಟ್‌ವರ್ಕ್ ಪಾಠಗಳು ಉಚಿತವಾಗಿ ಸಿಗುತ್ತವೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಪೋಷಕರಿಗೂ ತಿಳಿಸಿ. ಕಾಲೇಜಿನ ವೈಫೈ ಇರಲಿ, ಪಕ್ಕದ ಮನೆಯ ಕ್ಯಾಮೆರಾ ಇರಲಿ, ಅನುಮತಿಯಿಲ್ಲದೆ ಒಳಗೆ ಹೋಗಿ ಅಪ್ರಾಮಾಣಿಕವಾಗಿ ಏನಾದರೂ ಮಾಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೈನ್ಯಕ್ಕೆ ಸೇರುವಾಗ ಪೊಲೀಸ್ ಪರಿಶೀಲನೆ ಇದ್ದೇ ಇರುತ್ತದೆ, ಅಲ್ಲಿ ಇಂಥ ಒಂದು ಪ್ರಕರಣ ದಾಖಲಾಗಿದ್ದರೆ ಹುಡುಗನ ದಾರಿ ಮುಚ್ಚಿಹೋಗಬಹುದು. ಹುಬ್ಬಳ್ಳಿಗೆ ಮಕ್ಕಳನ್ನು ಕರೆತರುವುದಾದರೆ ಮುಂಚಿತವಾಗಿ ಇಲ್ಲಿಯೇ ಬರೆಯಿರಿ ಸರ್. ಎರಡು ಹಳೆಯ ರೂಟರ್ ಮತ್ತು ಒಂದು ಸ್ವಿಚ್ ನನ್ನಲ್ಲಿವೆ, ಹೊರಗಿನ ಜಾಲಕ್ಕೆ ಸೇರಿಸದೆ ಅವರ ಕೈಯಿಂದಲೇ ಒಂದು ಪುಟ್ಟ ಜಾಲ ಕಟ್ಟಿಸಿ, ಅದನ್ನು ಕಾಯುವುದು ಹೇಗೆಂದು ತೋರಿಸಿಕೊಡುತ್ತೇನೆ.