ಪದಚರ್ಚೆ: ಹಳೆಯ ಕಾರಿನ ಪೆಟ್ರೋಲು ಸೋರುವುದೋ, ಒಸರುವುದೋ?

ಪ್ರಶ್ನೆ (ಹಡಪ್ಸರ್, ಪುಣೆ):
ಮಾನ್ಯರೇ, ಕಾರ್ಬ್ಯುರೇಟರ್ ಇರುವ ಹಳೆಯ ಕಾರಿನಲ್ಲಿ ಪೆಟ್ರೋಲು ಹೊರಬರುತ್ತಿದ್ದರೆ ಮನೆಯ ಬಳಿಯೇ ಏನು ಮಾಡಬಹುದು ಎಂಬುದನ್ನು ತಿಳಿಸುವ ಮರಾಠಿ ಕೈಪಿಡಿಯೊಂದನ್ನು ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಚಾಲಕರಿಗಾಗಿ ಕನ್ನಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು. ಮರಾಠಿ ಪ್ರತಿಯಲ್ಲಿ ಎಲ್ಲದಕ್ಕೂ ‘ಗಳತಿ’ ಎಂದೇ ಇದೆ. ಆದರೆ ರಬ್ಬರ್ ಪೈಪಿನ ಮೈ ಒದ್ದೆಯಾಗುವುದಕ್ಕೂ ಜೋಡಣೆಯ ಬಳಿ ಹನಿ ಬೀಳುವುದಕ್ಕೂ ಬೇರೆ ಬೇರೆ ಪದ ಬೇಕೆನಿಸುತ್ತದೆ. ವಾಹನ ನಿಲ್ಲಿಸುವ ನೆಲಮಾಳಿಗೆಗೆ ಒಂದು ಫಲಕವನ್ನೂ ಬರೆಯಬೇಕಿದೆ. ‘ಇಂಧನ ಸೋರಿಕೆಯ ದುರಸ್ತಿ’ ಎಂಬ ಶೀರ್ಷಿಕೆ ಸರಿಯೇ?

ಉತ್ತರ (ಮಾಟುಂಗಾ, ಮುಂಬಯಿ):
ಬೇರೆ ಪದಗಳು ಬೇಕೇ ಬೇಕು, ಏಕೆಂದರೆ ಮಾಡಬೇಕಾದ ಕೆಲಸವೇ ಬೇರೆ. ಬಂಡೆ ಒಸರುತ್ತದೆ, ಕೊಡ ಸೋರುತ್ತದೆ. ಮೈಯೇ ತೇವವಾದರೆ ಒಸರುವುದು, ಬಿರುಕಿನಿಂದಲೋ ಸಂದಿನಿಂದಲೋ ಹೊರಬಂದರೆ ಸೋರುವುದು. ಪೈಪು ಒಸರುತ್ತಿದೆಯೆಂದರೆ ರಬ್ಬರಿನ ಆಯಸ್ಸು ಮುಗಿದಿದೆ ಎಂದರ್ಥ. ಅದನ್ನು ಬಾಗಿಸಿದಾಗ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಡುತ್ತವೆ. ಹಳೆಯ ರಬ್ಬರಿಗೆ ಎಥನಾಲ್ ಬೆರೆತ ಪೆಟ್ರೋಲು ಒಗ್ಗುವುದಿಲ್ಲವಾದ್ದರಿಂದ, 2023ರಿಂದ ಬಂಕುಗಳಲ್ಲಿ ಶೇ. 20ರ ಮಿಶ್ರಣ ಬರತೊಡಗಿದ ಮೇಲೆ ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಪದ್ಮಿನಿಯಂಥ ಗಾಡಿಗಳನ್ನು ಇಟ್ಟುಕೊಂಡವರು ಈ ಪೈಪುಗಳ ಮೇಲೆ ಕಣ್ಣಿಟ್ಟಿರಬೇಕು. ಇಲ್ಲಿ ಕ್ಲ್ಯಾಂಪ್ ಬಿಗಿದು ಪ್ರಯೋಜನವಿಲ್ಲ. ಪೆಟ್ರೋಲಿಗೆಂದೇ ಮಾಡಿದ ಹೊಸ ಪೈಪು ಹಾಕಬೇಕು, ನೀರಿನ ಪೈಪಿನ ತುಂಡು ನಡೆಯದು. ಪೈಪು ಗಟ್ಟಿಯಾಗಿದ್ದು ಜೋಡಣೆಯಲ್ಲಿ ಮಾತ್ರ ಸೋರುತ್ತಿದ್ದರೆ ಕ್ಲ್ಯಾಂಪ್ ಬಿಗಿದು ನೋಡಬಹುದು. ಮೂರನೆಯ ಬಗೆಯೊಂದು ಹೊರಗೆ ಕಾಣುವುದೇ ಇಲ್ಲ: ಎಂಜಿನ್ನಿಗೆ ಹೊಂದಿಕೊಂಡ ಯಾಂತ್ರಿಕ ಪಂಪಿನ ಒಳಪೊರೆ ಹರಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ, ಆಯಿಲ್ ಅಳೆಯುವ ಕಡ್ಡಿಯನ್ನು ಮೂಸಿದರೆ ತಿಳಿಯುತ್ತದೆ. ಇದನ್ನು ‘ಒಳಸೋರಿಕೆ’ ಎನ್ನಿ. ನಿಮ್ಮ ಓದುಗರಿಗೆ ‘ಒಸರು’ ಹೊಸದೆನಿಸಿದರೆ ‘ಜಿನುಗು’ ಇದೆ.

ಉತ್ತರ (ಡೊಂಬಿವಲಿ):
ಇಲ್ಲಿ ಕೇಳಿದ್ದು ಪದ, ಗ್ಯಾರೇಜಿನ ಪಾಠವಲ್ಲ. ‘ಇಂಧನ’ ಸಂಸ್ಕೃತ, ‘ದುರಸ್ತಿ’ ಪಾರಸಿ. ಮೂರು ಪದಗಳ ಶೀರ್ಷಿಕೆಯಲ್ಲಿ ಕನ್ನಡದ್ದು ಒಂದೇ. ‘ಉರುವಲೆಣ್ಣೆಯ ಸೋರಿಕೆ: ಸರಿಪಡಿಸುವ ಬಗೆ’ ಎಂದು ಬರೆಯಿರಿ. ಕನ್ನಡದಲ್ಲಿ ಪದವಿರುವಾಗ ಎರವಲು ತರುವುದು ಸೋಮಾರಿತನ.

ಉತ್ತರ (ಮಡಗಾಂವ್, ಗೋವಾ):
‘ಉರುವಲೆಣ್ಣೆ’ ಎಂದರೆ ಚಾಲಕ ಸೀಮೆಎಣ್ಣೆಯನ್ನು ನೆನೆಯುತ್ತಾನೆ. ಇನ್ನು ಅಚ್ಚಗನ್ನಡದ ‘ಎಣ್ಣೆ’ಯನ್ನು ಬಿಡಿಸಿದರೆ ಎಳ್ಳಿನ ನೆಯ್ ಸಿಗುತ್ತದೆ, ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಬಂದದ್ದು. ಬೇರು ಹುಡುಕಿ ಪದ ಆರಿಸುವುದಾದರೆ ಕಾರಿಗೆ ಎಳ್ಳೆಣ್ಣೆಯನ್ನೇ ಹಾಕಬೇಕಾದೀತು. ಇದಕ್ಕಿಂತ ದೊಡ್ಡ ತೊಡಕೆಂದರೆ, ಕಾರಿನ ಅಡಿಯಲ್ಲಿ ಎಂಜಿನ್ ಆಯಿಲೂ ತೊಟ್ಟಿಕ್ಕುತ್ತದೆ, ಅದನ್ನೂ ನಮ್ಮವರು ಎಣ್ಣೆ ಎನ್ನುತ್ತಾರೆ. ಕಪ್ಪಗೆ ಅಂಟುವ ಆ ಎಣ್ಣೆಯನ್ನು ಕಂಡು ಹೆದರಬೇಕಾದದ್ದಿಲ್ಲ. ನೆಲಕ್ಕೆ ಬಿದ್ದು ಆರಿಹೋಗಿ ವಾಸನೆಯನ್ನಷ್ಟೇ ಉಳಿಸುವ ಪೆಟ್ರೋಲು ಮಾತ್ರ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಎರಡಕ್ಕೂ ಒಂದೇ ಹೆಸರು ಕೊಡುವ ಶುದ್ಧಿ ಯಾರಿಗೂ ಬೇಡ. ‘ಪೆಟ್ರೋಲು’ ಎಂದೇ ಇರಲಿ. ‘ದುರಸ್ತಿ’ಯೂ ಇರಲಿ, ಉತ್ತರ ಕರ್ನಾಟಕದ ಮನೆಮನೆಯಲ್ಲಿರುವ ಪದ ಅದು.

ಉತ್ತರ (ಡೊಂಬಿವಲಿ):
ಬಳಕೆಯಲ್ಲಿರುವುದೆಲ್ಲ ಕನ್ನಡವಾಗುವುದಾದರೆ ಈ ಚರ್ಚೆಯೇ ವ್ಯರ್ಥ. ಮುಂಬಯಿ, ಪುಣೆಗಳಲ್ಲಿ ನಮ್ಮ ಮಕ್ಕಳ ಕನ್ನಡ ಏನಾಗಿದೆ ನೋಡಿ.

ಪ್ರಶ್ನೆ ಕೇಳಿದವರು (ಹಡಪ್ಸರ್):
ಎಲ್ಲರಿಗೂ ಕೃತಜ್ಞತೆಗಳು. ಮಕ್ಕಳ ಕನ್ನಡದ ಪ್ರಶ್ನೆಯನ್ನು ಅಚ್ಚುಕೂಟದವರು ಕಾಯುವುದಿಲ್ಲವಾದ್ದರಿಂದ ಶೀರ್ಷಿಕೆಯನ್ನು ‘ಪೆಟ್ರೋಲು ಸೋರಿಕೆಯ ದುರಸ್ತಿ’ ಎಂದೇ ಇಡುತ್ತಿದ್ದೇನೆ; ಒಳಗೆ ‘ಪೈಪಿನ ಮೈ ಜಿನುಗಿದರೆ’, ‘ಜೋಡಣೆ ಸೋರಿದರೆ’, ‘ಒಳಸೋರಿಕೆ’ ಎಂಬ ಮೂರು ಭಾಗಗಳಿರುತ್ತವೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗಾಡಿಯನ್ನು ಬಯಲಿಗೆ ತಳ್ಳಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿಯೇ ಕೆಲಸ ಆರಂಭಿಸಬೇಕೆಂಬ ಸೂಚನೆ ಮೂರಕ್ಕೂ ಮೊದಲು ಬರುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲಮಾಳಿಗೆಯಲ್ಲಿ ತಂಗುವುದರಿಂದ ಫಲಕದಲ್ಲಿ ‘ಪೆಟ್ರೋಲಿನ ವಾಸನೆ ಬಂದರೆ ಗಾಡಿ ಚಾಲೂ ಮಾಡಬೇಡಿ, ದೀಪದ ಸ್ವಿಚ್ ಒತ್ತಬೇಡಿ, ಹೊರಗೆ ಹೋಗಿ ಕಾವಲುಗಾರರಿಗೆ ತಿಳಿಸಿ’ ಎಂದು ಬರೆಸುತ್ತೇನೆ. ‘ಚಾಲೂ’ ಎಂಬುದಕ್ಕೆ ಆಕ್ಷೇಪ ಬರುವುದು ಗೊತ್ತು. ಆದರೆ ‘ಹೊರಡಿಸಬೇಡಿ’ ಎಂದರೆ ಗಾಡಿಯನ್ನು ಅಲ್ಲಿಂದ ಒಯ್ಯಬೇಡಿ ಎಂದಷ್ಟೇ ಅರ್ಥವಾದೀತು. ನಿಂತಲ್ಲಿಯೇ ಚಾವಿ ತಿರುಗಿಸಿ ನೋಡುವವರನ್ನು ಅದು ತಡೆಯುವುದಿಲ್ಲ.