ಬಡಾವಣೆಗೆ ನಾವೇ ಇಂಟರ್ನೆಟ್ ತರಿಸಿಕೊಳ್ಳಬಹುದೇ?

ಶಾಲಾ ಶಿಕ್ಷಕಿ: ರಾಯಚೂರಿನ ಹೊರವಲಯದಲ್ಲಿರುವ ನಮ್ಮ ಬಡಾವಣೆಯ ಮುಖ್ಯರಸ್ತೆಯವರೆಗೆ ಇಂಟರ್ನೆಟ್‌ನ ಫೈಬರ್ ಕೇಬಲ್ ಬಂದು ನಿಂತಿದೆ. ಒಳಗಿನ ಓಣಿಗಳಿಗೆ ಎಳೆಯುವಷ್ಟು ಗಿರಾಕಿಗಳಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಸಂಜೆಯಾದರೆ ವಿಡಿಯೊ ಪಾಠ ತೆರೆಯುವುದೇ ಇಲ್ಲ. ಮಕ್ಕಳು ಫೋನ್ ಹಿಡಿದು ಮಾಳಿಗೆ ಹತ್ತುತ್ತಾರೆ. ವಂತಿಗೆ ಕೂಡಿಸಿ ಒಂದು ದೊಡ್ಡ ಸಂಪರ್ಕ ಪಡೆದು ಎಲ್ಲರೂ ಹಂಚಿಕೊಳ್ಳೋಣವೆಂಬುದು ನನ್ನ ಸಲಹೆ.

ನಿವೃತ್ತ ದೂರವಾಣಿ ನೌಕರ: ಮೇಡಂ, ವಂತಿಗೆಯ ಮಾತು ಸರಿಯೇ. ಆದರೆ ಮನೆಯ ಹೆಸರಿನಲ್ಲಿ ಪಡೆದ ಸಂಪರ್ಕವನ್ನು ಹಣ ಪಡೆದು ಹಂಚಲು ಬರುವುದಿಲ್ಲ. ಅದಕ್ಕೆ ಕಾನೂನುಬದ್ಧ ದಾರಿಯೆಂದರೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈ-ಫೈ ಯೋಜನೆ. ಅದರಡಿ ಕಿರಾಣಿ ಅಂಗಡಿಯವರೂ ಪರವಾನಗಿಯಿಲ್ಲದೆ ಸಾರ್ವಜನಿಕ ಡೇಟಾ ಕಚೇರಿ, ಅಂದರೆ ಜನರಿಗೆ ವೈ-ಫೈ ಒದಗಿಸುವ ಕೇಂದ್ರ ನಡೆಸಬಹುದು. ಬಳಕೆಯ ಲೆಕ್ಕ ಇಡುವ ಹೊಣೆ ಇಂಥ ಹಲವು ಕಚೇರಿಗಳನ್ನು ಒಟ್ಟಾಗಿ ನೋಡಿಕೊಳ್ಳುವ ಅಗ್ರಿಗೇಟರ್ ಸಂಸ್ಥೆಯದು. ಕಂಪನಿಗಳು ಇಂಥವರಿಗೆ ಒಬ್ಬರಿಗೇ ಮೀಸಲಾದ ದುಬಾರಿ ಲೀಸ್ಡ್ ಲೈನನ್ನೇ ಕೊಳ್ಳಿ ಎನ್ನುತ್ತಿದ್ದುದು ದೊಡ್ಡ ತೊಡಕಾಗಿತ್ತು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 200 ಎಂಬಿಪಿಎಸ್‌ವರೆಗಿನ ವೇಗದ ಮನೆಬಳಕೆಯ ಫೈಬರ್ ಪ್ಲಾನುಗಳನ್ನು ಮಾಮೂಲಿ ದರದ ಎರಡು ಪಟ್ಟು ಮೀರದಂತೆ ಇವರಿಗೂ ಕೊಡಬೇಕೆಂದು ಆದೇಶಿಸಿತು.

ಕೇಬಲ್ ಆಪರೇಟರ್: ಅಂಗಡಿಯ ವೈ-ಫೈ ಕಲ್ಲಿನ ಗೋಡೆಗಳನ್ನು ದಾಟಿ ನಾಲ್ಕನೇ ಮನೆ ಮುಟ್ಟುವುದಿಲ್ಲ. ನಿಜವಾದ ವೇಗ ಬೇಕಿದ್ದರೆ ಫೈಬರ್ ಮನೆಯೊಳಗೇ ಬರಬೇಕು. ಬೆಳಕಿನ ಸಂಕೇತವನ್ನು ಹಂಚುವ ಸ್ಪ್ಲಿಟರ್ ಹಾಕಿದರೆ ಒಂದೇ ಎಳೆ 32 ಮನೆಗಳಿಗೆ ಸಾಕು. ವಿದ್ಯುತ್ ಕಂಬದ ಮೇಲೆ ಎಳೆಯುವುದಾದರೆ ವಿದ್ಯುತ್ ಕಂಪನಿ ಜೆಸ್ಕಾಂನ ಅನುಮತಿ ಬೇಕು. ಎಲ್ಲಕ್ಕಿಂತ ಕಷ್ಟದ್ದು ದುರಸ್ತಿ: ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ಕೇಬಲ್ ಹರಿದರೆ, ಕೂದಲೆಳೆಯಷ್ಟು ಸಣ್ಣ ಗಾಜಿನ ತುದಿಗಳನ್ನು ಒರೆಸಿ, ಸರಿಯಾಗಿ ಕತ್ತರಿಸಿ, ಯಂತ್ರದಲ್ಲಿಟ್ಟು ಬೆಸೆಯಬೇಕು. ವಂತಿಗೆ ಕೊಟ್ಟವರೆಲ್ಲ ಆ ಕೆಲಸ ಮಾಡಲಾರರು.

ಕಾಲೇಜು ವಿದ್ಯಾರ್ಥಿ: ಕಲಿತರೆ ಬರುತ್ತದೆ. ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಹಳ್ಳಿಗರು 2011ರಲ್ಲಿ ಬಿ4ಆರ್‌ಎನ್ ಎಂಬ ಸಂಸ್ಥೆ ಕಟ್ಟಿ, ಷೇರು ಹಣ ಕೂಡಿಸಿ, ತಾವೇ ಕಾಲುವೆ ತೋಡಿ ಕೇಬಲ್ ಹೂತು, ಅತಿ ವೇಗದ ಗಿಗಾಬಿಟ್ ಸಂಪರ್ಕ ಪಡೆದರು. ರೈತರು ಹೊಲದ ಮೂಲಕ ಪುಕ್ಕಟೆಯಾಗಿ ದಾರಿ ಬಿಟ್ಟುಕೊಟ್ಟರು.

ಕೇಬಲ್ ಆಪರೇಟರ್: ತಮ್ಮಾ, ಅಲ್ಲಿದ್ದದ್ದು ರೈತರ ಸ್ವಂತ ಹೊಲ; ಇಲ್ಲಿರುವುದು ಸರ್ಕಾರಿ ರಸ್ತೆ. ಅನುಮತಿಯಿಲ್ಲದೆ ಒಂದು ಗುದ್ದಲಿ ಏಟೂ ಹಾಕುವಂತಿಲ್ಲ.

ಸ್ತ್ರೀಶಕ್ತಿ ಸಂಘದ ಸದಸ್ಯೆ: ಗಿರಾಕಿಗಳಿಲ್ಲ ಎಂಬುದೇ ಕಂಪನಿಯ ನೆಪವಾದರೆ, ಮೊದಲು ಆ ನೆಪವನ್ನು ತೆಗೆಯೋಣ. ಯಾವ ಮನೆಗೆ ಸಂಪರ್ಕ ಬೇಕು, ತಿಂಗಳಿಗೆ ಎಷ್ಟು ಕೊಡಬಲ್ಲರು ಎಂದು ಬರೆದು ಸಹಿ ಪಡೆಯೋಣ. ನಮ್ಮ ಸಂಘದಲ್ಲಿ ಉಳಿತಾಯದ ಲೆಕ್ಕವನ್ನು ಎಲ್ಲರೆದುರು ಓದಿ ಹೇಳುತ್ತೇವೆ. ಮನೆಗಳಿಂದ ಪಡೆಯುವ ಮುಂಗಡದ ಲೆಕ್ಕವೂ ಹಾಗೆಯೇ ಇರಲಿ. ಕೇಬಲ್ ಅಣ್ಣನವರು ಪರವಾನಗಿ ಇರುವ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ದುರಸ್ತಿಯ ಹೊಣೆ ಹೊರಲಿ.

ಶಾಲಾ ಶಿಕ್ಷಕಿ: ಒಪ್ಪಿದೆ. ಅಲ್ಲಿಯವರೆಗೆ ಅಂಗನವಾಡಿ ಪಕ್ಕದ ಅಂಗಡಿಯಲ್ಲಿ ಪಿಎಂ-ವಾಣಿ ನಡೆಯಲಿ. ಆದರೆ ಕೂಲಿಕಾರರಿರುವ ಕೊನೆಯ ಓಣಿಯನ್ನು ಬಿಟ್ಟು ಒಪ್ಪಂದ ಆಗಕೂಡದು.

ಕೇಬಲ್ ಆಪರೇಟರ್: ಆ ಓಣಿಗೆ ಕೇಬಲ್ ಹೆಚ್ಚು ಬೇಕು, ಮನೆಗಳು ಕಡಿಮೆ. ಆ ಹೆಚ್ಚಿನ ಖರ್ಚನ್ನು ಎಲ್ಲ ಮನೆಗಳೂ ಸಮನಾಗಿ ಹೊರುವುದಾಗಿ ಸಹಿ ಪಟ್ಟಿಯಲ್ಲೇ ಬರೆಯಿರಿ, ನಾನು ಕಂಪನಿಯೊಂದಿಗೆ ಮಾತನಾಡುತ್ತೇನೆ.