ಸ್ಟಾರ್ಮ್ ಕಿಂಗ್‌ಗೆ ವಯಸ್ಸಾದೋರ ಜೊತೆ ಹೋಗಿಬಂದೋರು ಸ್ವಲ್ಪ ಹೇಳ್ರಪ್ಪ

ಊರಿಂದ ಅಪ್ಪ ಅಮ್ಮ ಬಂದಿದಾರೆ. ಅಕ್ಟೋಬರ್‌ನಲ್ಲಿ ಒಂದು ಶನಿವಾರ ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆ ಕಡೆ ಡ್ರೈವ್ ಮಾಡ್ಕೊಂಡು, ಬಯಲಲ್ಲಿ ದೊಡ್ಡ ದೊಡ್ಡ ಶಿಲ್ಪ ಇಟ್ಟಿರೋ ಸ್ಟಾರ್ಮ್ ಕಿಂಗ್ ಆರ್ಟ್ ಸೆಂಟರ್ ನೋಡ್ಕೊಂಡು ಬರೋಣ ಅಂತ. ಅಮ್ಮಂಗೆ ಮಂಡಿ ನೋವು, ಮಗಳಿಗೆ ಐದು ವರ್ಷ. ಇಡೀ ದಿನ ಕಳೀಬಹುದಾ, ಇಲ್ಲ ಎರಡು ಗಂಟೇಲಿ ಬೋರ್ ಆಗತ್ತಾ?

——

ನಾವು ಹೋದ ವರ್ಷ ಅತ್ತೆ ಮಾವನ್ನ ಕರ್ಕೊಂಡು ಹೋಗಿದ್ವಿ. 500 ಎಕರೆ ಇದೆ ಮಾರಾಯ್ರೆ, ಎಲ್ಲಾ ನೋಡ್ತೀವಿ ಅಂತ ಹೊರಟ್ರೆ ಯಾವ್ದೂ ನೋಡಿದಂಗಾಗಲ್ಲ. ಮಾವ ಚಿತ್ರದುರ್ಗದ ಕಡೆ ಬೇಸಾಯದೋರು, ಮಾರ್ಕ್ ಡಿ ಸುವೆರೊ ಮಾಡಿರೋ ಆ ದೊಡ್ಡ ದೊಡ್ಡ ಉಕ್ಕಿನ ತೊಲೆಗಳನ್ನ ನೋಡಿ "ಇದೇನು, ಸೇತುವೆ ಕಟ್ಟಿ ಉಳಿದಿದ್ದಾ" ಅಂದ್ರು, ನಂಗೆ ಇವತ್ತು ಮುಗೀತು ಅನ್ನಿಸ್ತು. ಆಮೇಲೆ ಆಂಡಿ ಗೋಲ್ಡ್ಸ್‌ವರ್ದಿ ಅನ್ನೋ ಕಲಾವಿದರ ಕಲ್ಲಿನ ಗೋಡೆ ಹತ್ರ ಬಂದ್ವಿ ನೋಡಿ, 2,278 ಅಡಿ ಉದ್ದ, ಗಾರೆ ಇಲ್ಲ ಸಿಮೆಂಟ್ ಇಲ್ಲ, ಬರೀ ಕಲ್ಲು ಮೇಲೆ ಕಲ್ಲು, ಮರಗಳ ಸಂದೀಲಿ ಹಾವಿನ ಥರ ಬಳಸ್ಕೊಂಡು ಹೋಗಿ ಕೊಳದೊಳಗೆ ಇಳಿದು ಆ ಕಡೆ ಎದ್ದು ಹೈವೇ ಕಡೆಗೆ ನೆಟ್ಟಗೆ ಹೋಗತ್ತೆ. ಅಲ್ಲಿ ಮೊದ್ಲು ಹಳೇ ಹೊಲದ ಗೋಡೆ ಇತ್ತಂತೆ. ಮಾವ ಚಪ್ಪಲಿ ಬಿಟ್ಟು ಕೂತ್ಕೊಂಡು ಯಾವ ಕಲ್ಲು ಯಾವುದನ್ನ ಹಿಡ್ಕೊಂಡಿದೆ ಅಂತ ನಂಗೆ ಪಾಠ ಮಾಡಿದ್ರು, ನಮ್ಮ ಬದುವಿನ ಗೋಡೇನೂ ಹಿಂಗೇ ಕಟ್ಟೋದು ಅಂತ. ಅರ್ಧ ಗಂಟೆ ಎದ್ದಿಲ್ಲ.

ಅತ್ತೇದು ಬೇರೆ ಕಥೆ. ಝಾಂಗ್ ಹುವಾನ್ ಅವರ ಬುದ್ಧ ಇದೆ ಬನ್ನಿ ಅಂತ ಕರ್ಕೊಂಡು ಹೋದ್ರೆ ಸೊಂಟದ ಮೇಲೆ ಏನೂ ಇಲ್ಲ, ಮೂರು ಕಾಲು, ಒಂದರ ಕೆಳಗೆ ನೆಲದಲ್ಲಿ ಹೂತಿರೋ ತಲೆ. ಮುಗಿಯೋಕೆ ಎತ್ತಿದ್ದ ಕೈ ಹಾಗೇ ಇಳಿಸಿದ್ರು.

——

ಮಂಡಿ ನೋವಿಗೆ ಟ್ರಾಮ್ ಇದೆ, ಎಲ್ಲಿ ಬೇಕೋ ಅಲ್ಲಿ ಇಳಿದು ಹತ್ತಬಹುದು, ಆದ್ರೆ ಅಕ್ಟೋಬರ್ ಶನಿವಾರ ಎಲೆ ಬಣ್ಣ ನೋಡೋಕೆ ಊರೆಲ್ಲಾ ಬಂದಿರತ್ತೆ, ನಾವು ತುಂಬಾ ಹೊತ್ತು ಕಾದ್ವಿ. ರಜ ಸಿಕ್ಕಿದ್ರೆ ಶುಕ್ರವಾರ ಹೋಗಿ. ಟಿಕೆಟ್ ಮೊದ್ಲೇ ಆನ್‌ಲೈನಲ್ಲಿ ತಗೊಳ್ಳಿ. ದಾರೀಲಿ ವುಡ್‌ಬರಿ ಔಟ್‌ಲೆಟ್ ಅಂತ ದೊಡ್ಡ ಶಾಪಿಂಗ್ ಜಾಗ ಸಿಗತ್ತೆ, ಅಪ್ಪಿತಪ್ಪಿನೂ ಅಲ್ಲಿ ಕಾರ್ ತಿರುಗಿಸ್ಬೇಡಿ, ನಮ್ಮನೇಲಿ ಶಿಲ್ಪಕ್ಕೆ ಉಳಿದಿದ್ದು ಒಂದೂವರೆ ಗಂಟೆ.

——

ಮಗೂಗೆ ಅಂದ್ರೆ ಶಿಲ್ಪಿ ನೊಗುಚಿ ಮಾಡಿರೋ ಮೊಮೊ ತಾರೊ ಅನ್ನೋ ಶಿಲ್ಪ. ಪೀಚ್ ಹಣ್ಣಿನೊಳಗಿಂದ ಹುಡುಗ ಹುಟ್ಟಿದ ಜಪಾನಿ ಕಥೆ ಹೇಳ್ಕೊಂಡೇ ಗುಡ್ಡ ಹತ್ತಿಸಿ, ಮೇಲೆ ಗ್ರಾನೈಟ್ ಹಣ್ಣು ಸೀಳಿಟ್ಟಿದಾರೆ, ಪೊಟರೆ ಒಳಗೆ ಕೂತು ಕೂಗಿದ್ರೆ ಧ್ವನಿ ಗುಂಯ್ ಅನ್ನತ್ತೆ. ಬೇರೆ ಶಿಲ್ಪಗಳನ್ನ ಮುಟ್ಟೋಕೆ ಬಿಡಲ್ಲ, ಅದನ್ನ ಕಾರಲ್ಲೇ ಹೇಳಿಟ್ಟಿರಿ. ಮಾಯಾ ಲಿನ್ ಅವರ ವೇವ್‌ಫೀಲ್ಡ್ ಬಿಡ್ಬೇಡಿ, ಜಲ್ಲಿ ತೆಗೆದು ಹಾಳಾಗಿದ್ದ ಜಾಗದಲ್ಲಿ ಏಳು ಸಾಲು ಹುಲ್ಲಿನ ಅಲೆ, 12ರಿಂದ 18 ಅಡಿ ಎತ್ತರ, ಸಂಜೆ ನೆರಳು ಬಿದ್ದಾಗ ನೋಡ್ಬೇಕು.

ಚಿತ್ರಾನ್ನ ಕಟ್ಕೊಂಡು ಹೋಗಿ, ಪಿಕ್ನಿಕ್‌ಗೆ ಬೆಂಚಿದೆ. ಉದ್ದ ಸಾಕ್ಸ್ ಹಾಕ್ಕೊಳ್ಳಿ, ಎತ್ತರದ ಹುಲ್ಲಲ್ಲಿ ರಕ್ತ ಹೀರೋ ಉಣ್ಣಿ (ಟಿಕ್) ಇರತ್ತೆ, ಮನೆಗೆ ಬಂದ್ಮೇಲೆ ಮಗು ಕಿವಿ ಹಿಂದೆ, ಮಂಡಿ ಹಿಂದೆ ಒಂದ್ಸಲ ನೋಡಿ.